ಹದಿನೇಳನೆಯ ಸಾಲಿನ ಖಾಲಿ ಖಾನೆ

"ಇನ್ನೊಮ್ಮೆ ಹೇಳು," ಎಂದೆ. "ಕೋರ್ಟಿನ್ಯಾಗ ನಿಂತು ನಾ ಹೇಳಬೇಕಾಗತೈತಿ ಅಂತ ತಿಳಕೊಂಡು ಹೇಳು."

ಶೈಲಾ ಪರದೆಯಿಂದ ಕಣ್ಣು ಕೀಳಲಿಲ್ಲ. ಹತ್ತು ದಿನದಲ್ಲಿ ಹುಡುಗಿ ಅರ್ಧ ಆಗಿದ್ದಳು. ಕುರ್ಚಿಯ ತುದಿಗೆ ಕೂತು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ನಾ ಬರದ ಕಂಪ್ಯೂಟರ್ ಫಂಕ್ಷನ್ನಿನ್ಯಾಗ ತಪ್ಪಿಲ್ಲ ಅಂತ ಹತ್ತ ದಿನದಿಂದ ಹೇಳಾಕತ್ತೇನಲ್ಲ ಕಾಕಾ, ಅದು ಸುಳ್ಳ. ತಪ್ಪೈತಿ. ನಾನೇ ಗೊತ್ತಿದ್ದ ಹಾಕಿದ್ದು."

ಜಮಖಂಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಕಂಪ್ಯೂಟರ್ ಕ್ಲಾಸದು. ಅದನ್ನು ನಡೆಸುವ ರಾಜೇಶ್ವರಿ ಬಾಗಿಲಿಗೆ 'ಇವತ್ತು ರಜೆ' ಎಂಬ ಚೀಟಿ ಅಂಟಿಸಿ ಒಳಗೆ ಬಂದರು. ಗಡಿಯಾರದಲ್ಲಿ ಹನ್ನೊಂದೂವರೆ. ಇನ್ಸ್‌ಪೆಕ್ಟರ್ ಸಾಹೇಬರು ನನ್ನ ಹಳೆಯ ಮುಖ ನೋಡಿ ಕೊಟ್ಟ ಗಡುವು ಸಂಜೆ ನಾಲ್ಕರವರೆಗೆ. ನಾಲ್ಕಕ್ಕೆ ಜೀಪು ಬರುತ್ತದೆ, ಶೈಲಾಳನ್ನು ಕರೆದೊಯ್ಯುತ್ತದೆ.

ನಾಗರ ಅಮಾವಾಸ್ಯೆಯ ದಿನ ಕೃಷ್ಣೆ ಏರಿ, ಹೊಳಿಮಡ್ಡಿಯ ಕುರಿಗಾರ ಮುತ್ತಣ್ಣ ನಡುಗಡ್ಡೆಯಿಂದ ಕುರಿಗಳ ಸಮೇತ ಕೊಚ್ಚಿಹೋಗಿದ್ದ. ಹೋಗುವ ಮುಂಚೆ ಅವನು ಮೊಬೈಲಿನಲ್ಲಿ ನೋಡಿದ್ದ, ಹೊಳೆಯ ನೀರು ತಿಳಿಸುವ ಶೈಲಾಳ ಹಾಳೆ 'ಹಸಿರು', ಅಂದರೆ ಭಯವಿಲ್ಲ, ಎಂದಿತ್ತು. ಹೆಣ ಇನ್ನೂ ಸಿಕ್ಕಿಲ್ಲ.

ನಾನು ಅಂದಾನೆಪ್ಪ. ಮೂವತ್ತೊಂದು ವರ್ಷ ಪೊಲೀಸ್ ಖಾತೆಯಲ್ಲಿ ದುಡಿದು, ಹವಾಲ್ದಾರನಾಗಿಯೇ ಮನೆಗೆ ಬಂದವನು. ಬನಹಟ್ಟಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಶೈಲಾಳ ಅವ್ವ ಇಂದ್ರವ್ವನದು. ಆಕೆ ಮಗ್ಗದಿಂದ ಎದ್ದು ಬಂದು, ನೂಲು ಹತ್ತಿದ ಕೈಯಲ್ಲೇ ನನ್ನ ಕೈ ಹಿಡಿದು, "ಇರೂದೊಂದ ಮಗಳು, ನಿಮ್ಮ ಉಡ್ಯಾಗ ಹಾಕೇನಿ" ಎಂದಿದ್ದಳು. ನಾನು ದೊಡ್ಡ ಮನುಷ್ಯನ ಹಾಗೆ "ಚಿಂತಿ ಬಿಡು" ಎಂದಿದ್ದೆ.

"ತೋರಸು," ಎಂದೆ.

ಶೈಲಾಳ ಲ್ಯಾಪ್‌ಟಾಪು, ಮೊಬೈಲು ಎರಡೂ ಠಾಣೆಯಲ್ಲಿವೆ. ರಾಜೇಶ್ವರಿ ತಮ್ಮ ಹೆಸರಿನಿಂದ ಆ ಹಾಳೆಯನ್ನು ತೆರೆದುಕೊಟ್ಟರು. ಹೊಳೆ ಹಾಳೆ ಎಂದರೆ ಕೃಷ್ಣಾ ದಂಡೆಯ ಇಪ್ಪತ್ಮೂರು ಊರುಗಳು ಸೇರಿ ಇಂಟರ್ನೆಟ್ಟಿನಲ್ಲಿ ತುಂಬುವ ಒಂದೇ ಹಾಳೆ. ಊರಿಗೊಂದು ಸಾಲು, ದಿನಕ್ಕೊಂದು ಅಂಕಣ. ಪ್ರತಿ ಊರಿನಲ್ಲೂ ಒಬ್ಬರು ಬೆಳಿಗ್ಗೆ ನೀರು ನೋಡಿ ತಮ್ಮ ಖಾನೆಯಲ್ಲಿ ಒಂದು ಅಂಕಿ ಹಾಕುತ್ತಾರೆ. ಊರಿನ ಹೆಸರಿನ ಪಕ್ಕದ ಖಾನೆಯಲ್ಲಿ ಶೈಲಾ ತಾನೇ ಬರೆದ ಫಂಕ್ಷನ್, ಎಂದರೆ ಲೆಕ್ಕದ ಸೂತ್ರ, ಕೂತಿರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಅದಕ್ಕೆ 'ಹೊಳಿ' ಎಂದೇ ಹೆಸರಿಟ್ಟಿದ್ದಳು. ಅಂಕಿಯನ್ನು ಕೊಟ್ಟರೆ ಅದು ಹಸಿರು, ಹಳದಿ, ಕೆಂಪು ಎಂಬ ಮೂರರಲ್ಲಿ ಒಂದು ಮಾತನ್ನು ವಾಪಸು ಕೊಡುತ್ತದೆ, ಖಾನೆಗೆ ಆ ಬಣ್ಣ ಬರುತ್ತದೆ. ಅಕ್ಷರ ಬಾರದವರಿಗೂ ಬಣ್ಣ ತಿಳಿಯುತ್ತದಲ್ಲ.

ಹದಿನೇಳನೆಯ ಸಾಲು ಹೊಳಿಮಡ್ಡಿಯದು. ಅಲ್ಲಿ ಅಡಿ-ಮೀಟರಿನ ಪಟ್ಟಿ ಇಲ್ಲ. ಹೊಳೆಗೆ ಇಳಿಯುವ ನಲವತ್ತೆರಡು ಮೆಟ್ಟಿಲಿವೆ. ನೀರು ಎಷ್ಟು ಏರಿತು ಎಂದು ಆ ಊರಿನವರು ಹೇಳುವುದಿಲ್ಲ, ಮೆಟ್ಟಿಲು ಎಷ್ಟು ಉಳಿದವು ಎನ್ನುತ್ತಾರೆ. ಉಳಿದ ಮೆಟ್ಟಿಲು ಹನ್ನೆರಡಕ್ಕಿಂತ ಕಡಿಮೆಯಾದವೆಂದರೆ ಮೇಲೆಲ್ಲೋ ಅಣೆಕಟ್ಟಿನ ಗೇಟು ತೆಗೆದಿದ್ದಾರೆಂದೇ ಅರ್ಥ. ಎರಡು ತಾಸಿನಲ್ಲಿ ನಡುಗಡ್ಡೆ ಮುಳುಗುತ್ತದೆ.

"ಹಿಂದಿನ ದಿನ ಇಪ್ಪತ್ತು ಮೆಟ್ಟಲಾ ಉಳದಿದ್ದೂ," ಎಂದಳು ಶೈಲಾ. "ಅಮಾಸಿ ದಿನದ ಖಾನಿ ನೋಡ್ರಿ. ಖಾಲಿ."

"ಅದು ಗೊತ್ತೈತಿ. ಅಮಾಸಿ ದಿನ ಹೊಳಿಮಡ್ಡ್ಯಾಗ ಹೊಳಿ ಎಣಸಂಗಿಲ್ಲ."

ಅದು ಆ ಊರಿನ ನೇಮ. ಅಮಾವಾಸ್ಯೆಯ ದಿನ ಹೊಳೆವ್ವನನ್ನು ಎಣಿಸಬಾರದು, ಎಣಿಸಿದರೆ ಆಕೆಯೂ ತಿರುಗಿ ನಮ್ಮನ್ನು ಎಣಿಸುತ್ತಾಳೆ ಎಂದು ಅಲ್ಲಿಯ ಕುರುಬರ ನಂಬಿಕೆ. ತಿಂಗಳಿಗೊಮ್ಮೆ ಆ ಖಾನೆ ಖಾಲಿ ಬೀಳುತ್ತಿತ್ತು.

"ಖಾಲಿ ಖಾನಿ ಹೋದ್ರ ಫಂಕ್ಷನ್ನಿಗೆ ಏನ್ ತಿಳಿತೈತಿ ಕಾಕಾ? ಹನ್ನೆರಡಕ್ಕಿಂತ ಕಡಿಮಿ ಐತೇನಂತ ಕೇಳಿದ್ರ, ಖಾಲಿನ್ನ ಸೊನ್ನಿ ಅಂತ ಹಿಡದು 'ಹೌದು' ಅಂತೈತಿ. ಸೊನ್ನಿ ಮೆಟ್ಟಲಾ ಉಳದಾವ ಅಂದ್ರ ಊರ ಮುಳಗೇತಿ. ಹಂಗಾಗಿ ಅಮಾಸಿಗೊಮ್ಮೆ ಹೊಳಿಮಡ್ಡಿ ಕೆಂಪಾಗತಿತ್ತು. ಮೂರ ಸಲ ಹಂಗಾತು. ಮಂದಿ ನಗಾಕ ಹತ್ತಿದ್ರು. ಬೀಳಗಿ ಪರಮೇಶಣ್ಣ ಫೋನ್ ಮಾಡಿ, ಖಾಲಿ ಇದ್ರ ಹಿಂದಿನ ದಿನದ ಅಂಕಿ ತಗೊಳ್ಳಂಗ ಮಾಡು ಅಂದ್ರು."

"ನೀ ಮಾಡಿದಿ."

"ಒಂದ ಸಾಲು ಬರದೆ. ಖಾಲಿ ಇದ್ರ ನಿನ್ನಿದು ತಗೋ." ಆಕೆ ದುಪಟ್ಟಾದ ಅಂಚನ್ನು ಬಿಟ್ಟಳು. "ಮುತ್ತಣ್ಣ ನೋಡಿದ್ದು ಅವತ್ತಿನ ಹಸಿರಲ್ಲ ಕಾಕಾ. ಹಿಂದಿನ ದಿನದ ಹಸಿರು. ನಾನೇ ಅಂವನ್ನ ಹೊಳ್ಯಾಗ ಕಳಿಸಿದೆ."

ರಾಜೇಶ್ವರಿ ಕಿಟಕಿಯ ಕಡೆ ಮುಖ ತಿರುಗಿಸಿದರು. ನನಗೆ ಸಿಟ್ಟು ಬಂತು. ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಇವಳ ಮೇಲೆ, 'ಚಿಂತಿ ಬಿಡು' ಎಂದಿದ್ದಕ್ಕೆ ನನ್ನ ಮೇಲೆ. ಅಲ್ಲಿಂದಲೇ ಪರಮೇಶನಿಗೆ ಫೋನು ಹಚ್ಚಿದೆ. ಬೀಳಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು ಈ ಹಾಳೆ ನಡೆಸುವ ಹೊಳೆ ಬಳಗದ ಅಧ್ಯಕ್ಷನೆಂದು ಫ್ಲೆಕ್ಸಿನಲ್ಲಿ ಕೈ ಮುಗಿದು ನಿಲ್ಲುವ ಮನುಷ್ಯ ಅವನು.

"ನಾ ಯಾಕ ಹೇಳ್ಲಿ ಹವಾಲ್ದಾರ್ರ? ನನಗ ಕಂಪ್ಯೂಟರ್ ಆನ್ ಮಾಡಾಕ ಬರಂಗಿಲ್ಲ," ಎಂದ.

"ಆಕಿ ಫೋನಿನ್ಯಾಗ ನಿಮ್ಮ ಕಾಲ್ ಐತಿ."

"ಕಾಲ್ ಐತಿ, ಮಾತ ಐತೇನು?" ಎಂದು ಕೇಳಿ ಕಟ್ ಮಾಡಿದ.

ಅವನ ಮಾತು ಸರಿಯಾಗಿಯೇ ಇತ್ತು. ಅದೇ ನನಗೆ ಹೆಚ್ಚು ಉರಿಸಿತು.

"ಆ ಖಾನಿ ಮೊದ್ಲಿಂದ ಖಾಲಿ ಇತ್ತೇನು?" ಎಂದು ಕೇಳಿದೆ. ಯಾಕೆ ಕೇಳಿದೆನೋ ನನಗೇ ಗೊತ್ತಿಲ್ಲ. ಪೊಲೀಸರ ಹಾಳು ಚಟ. ಖಾಲಿ ಕೋಣೆ ಕಂಡರೂ ಮಂಚದ ಕೆಳಗೆ ಬಗ್ಗಿ ನೋಡುತ್ತೇವೆ.

"ಅಂದ್ರ?"

"ಯಾರರೆ ಬರದು ಅಳಿಸಿದ್ರ ಗೊತ್ತಾಗತೈತೇನು?"

ಶೈಲಾ ನನ್ನನ್ನು ನೋಡಿದಳು. ಹತ್ತು ದಿನ ಪೊಲೀಸರು, ವಕೀಲರು, ನಾನು, ಎಲ್ಲರೂ ಅವಳ ಫಂಕ್ಷನ್ನಿನ ಬೆನ್ನು ಹತ್ತಿದ್ದೆವು. ಖಾಲಿ ಇರುವುದರಲ್ಲಿ ನೋಡುವುದೇನು ಎಂದು ಆ ಖಾನೆಯನ್ನು ಒಬ್ಬರೂ ಮುಟ್ಟಿರಲಿಲ್ಲ. ಆಕೆ ಮೌಸನ್ನು ಖಾನೆಯ ಮೇಲೆ ಒಯ್ದು ಬಲಗಡೆ ಒತ್ತಿದಳು. ಒಂದು ಪಟ್ಟಿ ತೆರೆದುಕೊಂಡಿತು. ಖಾನೆಯ ಚರಿತ್ರೆ ತೋರಿಸು ಎಂಬುದನ್ನು ಆರಿಸಿದಳು.

ಸಣ್ಣ ಚೌಕವೊಂದು ಮೇಲೆ ಬಂತು. ಶೈಲಾ ಓದಿದಳು, ಮತ್ತೆ ಓದಿದಳು.

"ಎಂಟು ಹದಿನಾಲ್ಕಕ್ಕ, ಹೊಳಿಮಡ್ಡಿ ಮೆಟ್ಟಲಾ ಎಣಸೂ ಪಾಂಡಪ್ಪ ಅಜ್ಜಾರ ಹೆಸರಿನ್ಯಾಗ ಒಂಬತ್ತು ಅಂತ ಬಿದ್ದೈತಿ. ಎಂಟು ಇಪ್ಪತ್ತಾರಕ್ಕ ಅವರ ಹೆಸರಿನ್ಯಾಗೇ ಅಳಿಸೇತಿ."

ರಾಜೇಶ್ವರಿ ತಿರುಗಿದರು. "ಒಂಬತ್ತ? ಹಂಗಾರ ಕೆಂಪು ಬಂದಿರಬೇಕಲ್ಲ?"

"ಬಂದಿರತೈತ್ರಿ ಮೇಡಂ. ಅಂಕಿ ಹಾಕಿದ ಖಾನಿ ಬದಲಾದ ಕೂಡಲೇ ಫಂಕ್ಷನ್ ಮತ್ತ ಲೆಕ್ಕ ಹಾಕತೈತಿ. ಹನ್ನೆರಡು ನಿಮಿಷ ಕೆಂಪಿತ್ತು. ಅಳಿಸಿದ ಮ್ಯಾಲೆ ಖಾಲಿ ಆತು. ಖಾಲಿ ಆದ್ರ ನಿನ್ನಿಂದು. ಮತ್ತ ಹಸಿರು."

"ಹನ್ನೆರಡು ನಿಮಿಷ ಕೆಂಪಿದ್ರ ಯಾರಿಗೂ ಫೋನ್ ಹೋಗಲಿಲ್ಲೇನು?" ಎಂದೆ.

"ಅದು ಕೂಗಂಗಿಲ್ಲ ಕಾಕಾ. ಇಂಥಾ ಫಂಕ್ಷನ್ ಯಾರಿಗೂ ಮೆಸೇಜ್ ಕಳಸಂಗಿಲ್ಲ, ಬಾಜು ಖಾನಿನ್ನ ಸುದ್ದಾ ಮುಟ್ಟಂಗಿಲ್ಲ. ತನ್ನ ಖಾನ್ಯಾಗ ಕುಂತು ಒಂದ ಮಾತ ಹೇಳತೈತಿ ಅಷ್ಟ. ಯಾರ ನೋಡ್ತಾರೋ ಅವರಿಗೆ."

ಅಮಾವಾಸ್ಯೆಯ ಬೆಳಿಗ್ಗೆ ಎಂಟು ಗಂಟೆಗೆ ಯಾರು ನೋಡುತ್ತಾರೆ? ಎಲ್ಲರ ಮನೆಯಲ್ಲೂ ಸ್ನಾನ, ಪೂಜೆ, ಹೋಳಿಗೆ. ಆದರೂ ನನ್ನ ಮೈಯಲ್ಲಿ ಸ್ವಲ್ಪ ಬಿಸಿ ಆಡಿತು. ಪಾಂಡಪ್ಪ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದ, 'ಅಮಾಸಿ ದಿನ ನಾ ಹೊಳಿ ಕಡೆ ತಲಿ ಹಾಕಿಲ್ಲ' ಎಂದು. ಹೆಬ್ಬೆಟ್ಟು ಕೂಡ ಒತ್ತಿದ್ದ.

ರಾಜೇಶ್ವರಿ ಆ ಚೌಕದ ಫೋಟೋ ತೆಗೆದು ನನ್ನ ಮೊಬೈಲಿಗೆ ಹಾಕಿದರು. ನಾನು ಹೆಲ್ಮೆಟ್ಟು ಎತ್ತಿಕೊಂಡೆ.

"ಕಾಕಾ," ಎಂದಳು ಶೈಲಾ. "ಏನ್ ಸಿಕ್ಕರೂ ನಾ ಬರದ ಸಾಲು ಅಲ್ಲೇ ಇರತೈತಲ್ಲ."

ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿದು ಹೊರಬಿದ್ದೆ.

* * *

ಗಲಗಲಿ ದಾಟಿ ಹೊಳಿಮಡ್ಡಿ ಮುಟ್ಟುವಾಗ ಎರಡು ದಾಟಿತ್ತು. ದಾರಿಯುದ್ದಕ್ಕೂ ಕಬ್ಬು, ನಡುನಡುವೆ ಗೋವಿನಜೋಳ. ನೆರೆಯ ನೀರು ನಿಂತು ಹೋದ ಹೊಲಗಳಲ್ಲಿ ಬೆಳೆ ಕೊಳೆತು ನಾರುತ್ತಿತ್ತು. ನನ್ನ ಹಳೆಯ ಗಾಡಿ ಎರಡು ಕಡೆ ಕೆಸರಿನಲ್ಲಿ ಕೂತಿತು. ಎರಡೂ ಸಲ ನಾನೇ ಇಳಿದು ದೂಡಿದೆ, ನನ್ನ ವಯಸ್ಸನ್ನು ಬೈದುಕೊಂಡೆ.

ಪಾಂಡಪ್ಪ ಹೊಳೆಯ ಮೇಲಿನ ಮೆಟ್ಟಿಲಲ್ಲಿ ಕೂತು ಕದಿರು ತಿರುಗಿಸುತ್ತಾ ಉಣ್ಣೆ ನೂಲುತ್ತಿದ್ದ. ಅರವತ್ತೈದರ ಮನುಷ್ಯ. ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಬೀರೇಶ್ವರನ ಭಂಡಾರದ ಅರಿಶಿನ. ಈ ಊರಿನ ಮೆಟ್ಟಿಲೆಣಿಸುವ ಕೆಲಸ ಅವನ ಅಪ್ಪನಿಂದ ಬಂದದ್ದು. ಮೊದಲು ಅಂಕಿಯನ್ನು ಓಣಿಯಲ್ಲಿ ಕೂಗಿ ಹೇಳುತ್ತಿದ್ದ, ಎರಡು ವರ್ಷದಿಂದ ಮೊಬೈಲಿನಲ್ಲಿ ಹಾಕುತ್ತಿದ್ದ. ಸತ್ತ ಮುತ್ತಣ್ಣ ಅವನ ಅಳಿಯ. ಮಗಳು ಪದ್ಮವ್ವನ ಗಂಡ.

"ಬರ್ರಿ ಹವಾಲ್ದಾರ್ರ," ಎಂದ, ಏಳಲಿಲ್ಲ. "ಹೆಣ ಸಿಕ್ಕಿತೇನ್ರಿ?"

"ಇಲ್ಲ." ಅವನ ಪಕ್ಕ ಕೂತೆ. ಈಗ ನೀರು ಇಳಿದಿತ್ತು. ಹೊಳೆ ಏನೂ ಮಾಡಿಲ್ಲ ಎನ್ನುವ ಹಾಗೆ ಸುಮ್ಮನೆ ಹರಿಯುತ್ತಿತ್ತು. "ಪಾಂಡಪ್ಪಾ, ಅಮಾಸಿ ದಿನ ಎಷ್ಟಿದ್ದೂ?"

"ಅಮಾಸಿ ದಿನ ನಾ ಎಣಸಂಗಿಲ್ರಿ. ಬರದು ಕೊಟ್ಟೇನಲ್ಲ."

"ನೀ ಬರದು ಕೊಟ್ಟಿ. ನಿನ್ನ ಫೋನ್ ಬ್ಯಾರೆ ಬರದು ಕೊಟ್ಟೈತಿ."

ಫೋಟೋ ತೋರಿಸಿದೆ. ಅವನಿಗೆ ಓದಲು ಬರುವುದಿಲ್ಲ, ಅಂಕಿ ಬರುತ್ತವೆ. ಒಂಬತ್ತರ ಮೇಲೆ ಅವನ ಕಣ್ಣು ನಿಂತಿತು. ಕದಿರು ನಿಂತಿತು.

"ಅಳಿಸಿದ್ದೆನಲ್ರಿ," ಎಂದ ಮೆಲ್ಲಗೆ.

"ಅಳಿಸಿದ್ದೂ ಇರತೈತಿ ಅದರಾಗ."

ನನಗೆ ಹೊತ್ತು ಇರಲಿಲ್ಲ. ಒರಟಾದೆ.

"ಪಾಂಡಪ್ಪಾ, ಇಪ್ಪತ್ತಾರು ವರ್ಷದ ಹುಡುಗಿ ಇವತ್ತ ನಾಲ್ಕಕ್ಕ ಒಳಗ ಹೋಗ್ತಾಳ. ನಿನ್ನ ಒಂಬತ್ತು ಅಲ್ಲೇ ಇದ್ದಿದ್ರ ಹಾಳಿ ಕೆಂಪೇ ಇರತಿತ್ತು. ನಿನ್ನ ಅಳಿಯ ಉಳಿತಿದ್ದ. ಯಾಕ ಎಣಿಸಿದಿ, ಯಾಕ ಅಳಿಸಿದಿ? ಎರಡೂ ಹೇಳು."

"ಎಣಸಬಾರದು ಅಂತ ನನಗೂ ಗೊತ್ತಿತ್ರಿ." ಅವನ ದನಿಯಲ್ಲಿ ನಾಚಿಕೆ ಇತ್ತು. "ಮುಂಜಾನೆ ಜಳಕಕ್ಕ ಬಂದೆ. ನೀರ ಕೆಂಪಾಗಿತ್ತು. ಹೊಸಾ ನೀರು. ಬೇರ ಸಮೇತ ಜಾಲಿಗಿಡ ತೇಲಿ ಬರಾಕತ್ತಿತ್ತು. ಬಾಯಿಲೆ ಎಣಸಬಾರದಲ್ಲ, ಅದಕ್ಕ ಕಾಲಿಲೆ ಎಣಿಸಿದೆ. ಒಂದೊಂದ ಮೆಟ್ಟಲಾ ಇಳದೆ. ಒಂಬತ್ತಕ್ಕ ಪಾದ ತೊಯ್ದೂ."

"ಹಾಕಿದಿ."

"ಹಾಕಿದೆ. ತಪ್ಪಾತು ತಾಯಿ ಅಂತ ಭಂಡಾರ ಚೆಲ್ಲಿ ಹಾಕಿದೆ. ನನ್ನ ನೇಮ ಹಾಳಾದ್ರ ಆಗಲಿ, ಮಂದಿ ಉಳೀಲಿ ಅಂತ."

ಆ ಮುದುಕನ ಬಗ್ಗೆ ನನಗೆ ಒಮ್ಮೆಲೆ ಗೌರವ ಹುಟ್ಟಿತು. ಹುಟ್ಟಿದ ಕೂಡಲೇ ಮುಂದಿನ ಪ್ರಶ್ನೆ ಕೇಳಬೇಕಾಗಿ ಬಂತು.

"ಮತ್ತ ಅಳಿಸಿದ್ದ್ಯಾಕ?"

ಅವನು ಉಣ್ಣೆಯ ಎಳೆಯನ್ನು ಬೆರಳಿಂದ ಜಗ್ಗಿದ. ಅದು ತುಂಡಾಯಿತು. ಮತ್ತೆ ಕೂಡಿಸಲು ಹೋಗಿ ಕೈ ಬಿಟ್ಟ.

"ಫೋನ್ ಬಂತ್ರಿ."

"ಯಾರದು?"

ಮೊಬೈಲು ತೆಗೆದು, ಹೆಬ್ಬೆರಳಿನಿಂದ ಹಳೆಯ ಕರೆಗಳನ್ನು ಸರಿಸುತ್ತಾ ಹೋಗಿ, ಒಂದು ಕಡೆ ನಿಲ್ಲಿಸಿ ನನ್ನ ಕೈಗಿಟ್ಟ. ಹೆಸರಿನ ಬದಲು ಮುತ್ತಣ್ಣನ ಫೋಟೋ ಇತ್ತು, ತಲೆಗೆ ಕೆಂಪು ಪಟಕಾ, ತೋಳಿನಲ್ಲಿ ಕುರಿಮರಿ. ಅಮಾವಾಸ್ಯೆ, ಎಂಟು ಇಪ್ಪತ್ಮೂರು. ಎರಡು ನಿಮಿಷದ ಮಾತು.

"ಮುತ್ತಣ್ಣನೇ ಅಳಸಂದ್ನೇನು?"

"ಅಳಿಯನ ಫೋನು. ಮಾತಾಡಿದಾಕಿ ನನ್ನ ಮಗಳು."

ಪದ್ಮವ್ವನ ಹೇಳಿಕೆ ನನಗೆ ಬಾಯಿಪಾಠವಾಗಿತ್ತು. ಶೈಲಾಳ ಮೇಲಿನ ಕೇಸು ನಿಂತಿದ್ದೇ ಆ ಹೇಳಿಕೆಯ ಮೇಲೆ. 'ಎಂಟೂವರಿಗೆ ನನ್ನ ಗಂಡ ಫೋನ್ ನೋಡಿದ, ಹಸಿರೈತಿ ಅಂದ, ನನಗೂ ತೋರಿಸಿದ, ಫೋನ್ ನಡದ ಚೀಲಕ್ಕ ಹಾಕ್ಕೊಂಡು ಕುರಿ ಹೊಡಕೊಂಡು ಗಡ್ಡಿಗೆ ಹೋದ. ನನಗ ಆ ಹಾಳಿ ಗೀಳಿ ಏನೂ ತಿಳಿಯಂಗಿಲ್ಲ.' ಫೋನು ಅವನ ಜೊತೆಗೇ ಹೊಳೆ ಪಾಲಾಯಿತೆಂದು ಪೊಲೀಸರು ಬರೆದುಕೊಂಡಿದ್ದರು. ಆ ನಂಬರಿಗೆ ಠಾಣೆಯವರು ಹಚ್ಚಿದ್ದರು, ನಾನೂ ಹತ್ತಿಪ್ಪತ್ತು ಸಲ ಹಚ್ಚಿದ್ದೆ. ಯಾವಾಗಲೂ ಸ್ವಿಚ್ ಆಫ್.

"ಏನಂದ್ಳು?"

"'ಯಪ್ಪಾ, ಅಮಾಸಿ ದಿನ ಹೊಳೆವ್ವನ್ನ ಎಣಿಸಿದೇನು? ಕೆಂಪ ಬಂದೈತಿ. ಆಕಿ ನಮ್ಮ ಮನೀನ್ನ ಎಣಸ್ತಾಳ, ಅಳಸು ಮೊದ್ಲ' ಅಂದ್ಳು. ನಾ ಅಂದೆ, 'ಮಗಳ, ಒಂಬತ್ತೇ ಉಳದಾವ, ಅಳಿಯಾಗ ಹೇಳು, ಇವತ್ತ ಗಡ್ಡಿಗೆ ಹೋಗೂದು ಬ್ಯಾಡ.' 'ನಾ ಹೇಳ್ತೇನಿ, ನೀ ಅಳಸು' ಅಂದ್ಳು. ಹೇಳ್ತೇನಂದ್ಲಲ್ಲ ಅಂತ ಅಳಿಸಿದೆ."

"ಆಕಿ ಹೇಳಲಿಲ್ಲ."

"ಹೇಳಲಿಲ್ರಿ."

ಬಿಸಿಲು ನೆತ್ತಿ ಸುಡುತ್ತಿತ್ತು. ಕೆಳಗೆ ಯಾರೋ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಒಂದೊಂದು ಏಟೂ ಆಚೆ ದಂಡೆಗೆ ಹೋಗಿ ವಾಪಸು ಬರುತ್ತಿತ್ತು.

"ಮರತಿರಬೇಕು," ಎಂದೆ. ನನ್ನ ಮಾತಿನ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಪಾಂಡಪ್ಪ ನನ್ನ ಮುಖವನ್ನು ನೇರವಾಗಿ ನೋಡಿದ. "ಪೊಲೀಸರು ಆಕಿ ಹೇಳಿಕಿ ತಗೊಳ್ಳೂ ಮುಂದ ನೀವೂ ಹೋಗಿದ್ರಲ್ಲ. ಎಡಗೈ ನೋಡಿದ್ರೇನು?"

ನೋಡಿದ್ದೆ. ಮುಂಗೈ ಹತ್ತಿರ ಮೂಳೆ ಸೊಟ್ಟಗೆ ಕೂಡಿತ್ತು. ಹೆಬ್ಬೆಟ್ಟು ಒತ್ತುವಾಗ ಆಕೆ ಬಲಗೈಯಿಂದ ಎಡಗೈಯನ್ನು ಎತ್ತಿಟ್ಟುಕೊಂಡಿದ್ದಳು. ಕುರಿ ಹಾಯ್ದಿರಬೇಕು, ಕಟ್ಟಿಗೆ ಬಿದ್ದಿರಬೇಕು ಎಂದುಕೊಂಡು ಮುಂದೆ ಹೋಗಿದ್ದೆ. ಮೂವತ್ತೊಂದು ವರ್ಷ ಖಾಕಿ ಹಾಕಿದವನು ಒಂದು ಮಾತು ಕೇಳಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಅದನ್ನು ನೆನೆದರೆ ನನ್ನ ಮುಖಕ್ಕೆ ನಾನೇ ಉಗುಳಬೇಕು ಅನ್ನಿಸುತ್ತದೆ.

"ಅಳಿಯ ಎರಡ ಸಲ ಮುರದಾನ್ರಿ," ಎಂದ ಪಾಂಡಪ್ಪ. "ಎರಡೂ ಸಲ ನಾನೇ ಕರಕೊಂಡು ಹೋಗಿ ಕಟ್ಟಿಸಿ, ನಾನೇ ತಿರುಗಿ ಆ ಮನಿಗೆ ಬಿಟ್ಟ ಬಂದೆ. ಮನಿತನ ಅಂದ್ರ ಇರೂದೇ ಹಿಂಗ, ಬಾಯಿ ಮುಚ್ಚಿಕೊಂಡು ಬಾಳ್ವಿ ಮಾಡು ಅಂದೆ. ಅಂದಾಂವ ನಾನೇ."

ಅವನು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನನ್ನ ತಲೆ ಪೊಲೀಸನ ತಲೆ, ಅದು ತನ್ನಷ್ಟಕ್ಕೆ ತಾನು ಲೆಕ್ಕ ಹಾಕುತ್ತಿತ್ತು. ಈ ಮುದುಕ ಠಾಣೆಗೆ ಬಂದು ಇದನ್ನೇ ಹೇಳಿದರೆ ಶೈಲಾಳ ಕೇಸು ಅಲುಗಾಡುತ್ತದೆ. ಕೆಂಪು ಬಂದಿತ್ತು, ಬೇಕೆಂದೇ ಅಳಿಸಲಾಯಿತು, ಗಂಡನಿಗೆ ಹೇಳದೆ ಉಳಿದವಳು ಹೆಂಡತಿ. ಕೊಲೆಯಲ್ಲದಿದ್ದರೂ ಅದಕ್ಕೆ ಹತ್ತಿರದ ಏನೋ ಒಂದು. ಒಬ್ಬಳು ಹೊರಗೆ ಬಂದರೆ ಇನ್ನೊಬ್ಬಳು ಒಳಗೆ ಹೋಗುತ್ತಾಳೆ. ಬನಹಟ್ಟಿಯಲ್ಲಿ ಒಬ್ಬ ತಾಯಿ ನನ್ನ ದಾರಿ ಕಾಯುತ್ತಿದ್ದಾಳೆ, ಇಲ್ಲಿ ಒಬ್ಬ ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದಾನೆ.

"ನಡಿ," ಎಂದೆ. "ಗಾಡಿ ಹತ್ತು. ಹೇಳಿದ್ದನ್ನೇ ಸಾಹೇಬ್ರ ಮುಂದ ಹೇಳು."

"ಬರಂಗಿಲ್ರಿ."

"ಪಾಂಡಪ್ಪಾ, ನಾ ಈ ಫೋಟೋ ಕೊಟ್ರ ಪೊಲೀಸರೇ ಬಂದು ಎಳಕೊಂಡು ಹೋಗ್ತಾರ."

"ಬರಲಿ. ನಾನೇ ಎಣಿಸಿದೆ, ನಾನೇ ಅಳಿಸಿದೆ ಅಂತೇನಿ. ಮಗಳ ಹೆಸರು ಬಾಯಾಗ ಬರಂಗಿಲ್ಲ. ಮೂರನೇ ಸಲ ಆಕಿನ್ನ ನಾ ಒಯ್ದು ಬಿಡಂಗಿಲ್ಲ."

"ಹಂಗಾರ ಆ ಹುಡುಗಿ?"

ಅವನು ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡ. ನನಗೆ ಅವನ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕೆನಿಸಿತು. ಕಾಲು ಹಿಡಿಯಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಹೇಳಿದೆ:

"ಆಕೀಗೂ ಒಬ್ಬಾಕಿ ಅವ್ವ ಇದ್ದಾಳ. ಮಗ್ಗದ ಮುಂದ ಕುಂತು ಒಂದ ಸೀರಿ ಹತ್ತ ದಿನದಿಂದ ಮುಗಿಸವಲ್ಲಳು."

"ಗೊತ್ತೈತ್ರಿ," ಎಂದ. "ಆ ಹುಡುಗಿ ನನಗ ಅಂಕಿ ಹಾಕೂದು ಕಲಿಸಿದಾಕಿ. ಮೂರ ದಿನ ಬಸ್ಸಿಗೆ ಬಂದು ಇಲ್ಲೇ, ನೀವು ಕುಂತಲ್ಲೇ ಕುಂತು ಕಲಿಸಿದ್ಳು. 'ಅಜ್ಜಾ, ಇದು ನಿಮ್ಮ ಖಾನಿ, ನಿಮ್ಮ ಹೆಸರಿಲೆ ಐತಿ, ನೀವು ಬಿಟ್ರ ಯಾರೂ ತುಂಬಂಗಿಲ್ಲ' ಅಂದ್ಳು. ನಿದ್ದಿ ಬರಂಗಿಲ್ರಿ ನನಗ."

ನನ್ನ ಮೊಬೈಲು ಬಡಿದುಕೊಂಡಿತು. ರಾಜೇಶ್ವರಿ. ಗಂಟೆ ನೋಡಿದೆ, ಮೂರಕ್ಕೆ ಐದು ನಿಮಿಷ.

"ಬಂದಾರ್ರಿ," ಎಂದರು. ದನಿ ಒಡೆದಿತ್ತು. "ಜೀಪ್ ಬಂದೈತಿ."

"ನಾಲ್ಕಂದಿದ್ರಲ್ಲ!"

"ಮ್ಯಾಲಿಂದ ಫೋನ್ ಬಂತಂತ. ನಾ ಖಾನಿ ಚರಿತ್ರಿ ತೋರಿಸಿದೆ. ಸಾಹೇಬ್ರು ನೋಡಿದ್ರು, 'ಇದನ್ನೂ ಕೇಸಿಗೆ ಹಚ್ಚೂಣು, ಆದ್ರ ಖಾಲಿ ಇದ್ರ ಹಸಿರು ತೋರಿಸಂತ ಬರದಾಕಿ ಯಾರು?' ಅಂತ ಕೇಳಿದ್ರು. ಶೈಲಾ 'ನಾನ್ರಿ' ಅಂದ್ಳು."

"ಅಂದ್ಳಾ?"

"ಅಂದ್ಳು. ಕಾಗದದ ಮ್ಯಾಲೆ ಬರದೂ ಕೊಟ್ಲು. ನಾ ಬ್ಯಾಡ ಬ್ಯಾಡ ಅಂದೆ. 'ಮೇಡಂ, ನನಗ ಇನ್ನ ಇದನ್ನ ಹೊತ್ತು ತಿರಗಾಕ ಆಗಂಗಿಲ್ಲ' ಅಂದ್ಳು." ರಾಜೇಶ್ವರಿ ಅಳತೊಡಗಿದರು. "ಜೀಪ್ ಓಣಿ ದಾಟ್ತು ಈಗ. ಆಕಿ ಅವ್ವಾಗ ಏನ್ ಹೇಳ್ಲಿ ಅಂದಾನೆಪ್ಪನೋರ?"

"ನಾ ಹೇಳ್ತೇನಿ," ಎಂದೆ. ಫೋನು ಇಟ್ಟ ಮೇಲೆ ತಿಳಿಯಿತು, ಅರ್ಧ ತಾಸಿನ ಹಿಂದೆ ಪಾಂಡಪ್ಪನ ಬಾಯಿಂದ ಕೇಳಿದ ಪದ್ಮವ್ವನ ಮಾತೂ ಇದೇ ಆಗಿತ್ತು.

ಪಾಂಡಪ್ಪ ಕೇಳಲಿಲ್ಲ. ನನ್ನ ಮುಖ ನೋಡಿ ಅವನಿಗೆ ಗೊತ್ತಾಗಿತ್ತು. ಇಬ್ಬರು ಮುದುಕರು ಹೊಳೆಯ ಮೆಟ್ಟಿಲ ಮೇಲೆ ಹಾಗೇ ಕೂತಿದ್ದೆವು. ಅವನು ಬಾಯಿ ಬಿಟ್ಟರೆ ಒಂದು ಮನೆ ಹಾಳು, ಬಿಡದಿದ್ದರೆ ಇನ್ನೊಂದು. ಬಾಯಿ ಬಿಟ್ಟರೂ ಈಗ ಶೈಲಾ ಪೂರ್ತಿ ಹೊರಗೆ ಬರುವುದಿಲ್ಲ. ಬರೆದುಕೊಟ್ಟು ತನ್ನ ಕುತ್ತಿಗೆಗೆ ತಾನೇ ಉರುಳು ಹಾಕಿಕೊಂಡಿದ್ದಳು.

"ಪದ್ಮವ್ವ ಎಲ್ಲದಾಳ ಈಗ?" ಎಂದು ಕೇಳಿದೆ.

"ಮನ್ಯಾಗ. ಉಳದ ಕುರಿ ನೋಡ್ಕೋತ ಅದಾಳ. ನನ್ನ ಮುಂದ ಮಾತಾಡಂಗಿಲ್ಲ. ನಾನೂ ಆ ಕಡೆ ಹೋಗಂಗಿಲ್ಲ."

"ಒಂದ ಮಾತ ಖರೆ ಹೇಳು. ಆಕಿ ಬೇಕಂತ ಮಾಡಿದ್ಳು ಅನಸತೈತೇನು ನಿನಗ?"

ಅವನು ಬಾಯಿ ತೆರೆದ. ಮಾತು ಬರುವ ಮೊದಲೇ, ನಮ್ಮಿಬ್ಬರ ನಡುವೆ ಮೆಟ್ಟಿಲ ಕಲ್ಲಿನ ಮೇಲಿದ್ದ ಅವನ ಮೊಬೈಲು ಗುರ್ರೆಂದು ನಡುಗಿತು. ದನಿ ಬಂದ್ ಮಾಡಿಟ್ಟಿದ್ದ. ಪರದೆ ಬೆಳಗಿತು.

ಕೆಂಪು ಪಟಕಾ, ತೋಳಿನಲ್ಲಿ ಕುರಿಮರಿ.

ಹೊಳೆ ಪಾಲಾದ ನಂಬರು. ಹತ್ತು ದಿನ ನಾನು ಹಚ್ಚಿ ಹಚ್ಚಿ ಸಾಕಾಗಿದ್ದ ನಂಬರು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಪಾಂಡಪ್ಪ ನನಗಿಂತ ಬೇಗ ತನ್ನ ಅಂಗೈಯನ್ನು ಅದರ ಮೇಲೆ ಮುಚ್ಚಿದ. ಅವನ ಬೆರಳಿನ ಸಂದಿಯಿಂದ ಬೆಳಕು ಬರುತ್ತಿತ್ತು. ಕಲ್ಲಿನ ಮೇಲೆ ಅದು ನಡುಗುತ್ತಲೇ ಇತ್ತು, ಆಮೇಲೆ ನಿಂತಿತು.

ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಅದನ್ನು ಕಂಡು ನನಗೆ ಗಾಬರಿಯಾಯಿತು.

"ಅಮಾಸಿ ಮರದಿನದಿಂದ ದಿನಾ ಇಷ್ಟೊತ್ತಿಗೇ ಬರತೈತ್ರಿ," ಎಂದ. "ನಾ ಎತ್ತಿಲ್ಲ. ಮಗಳ ದನಿ ಇದ್ರೂ ನನಗ ಬ್ಯಾಡ, ಅಳಿಯನ ದನಿ ಇದ್ರೂ ಬ್ಯಾಡ."